ಹಾಸಿಗೆಯ ಎತ್ತರದಿಂದ

ಆ ಎರಡು ಕೈಗಳನ್ನು ನೋಡಲೆಂದೇ ನಾನು ಓತಂ ಊರಿಗೆ ಹೋದೆ. ಫ್ರಾನ್ಸಿನ ಬರ್ಗಂಡಿ ಸೀಮೆಯ ಆ ಸಣ್ಣ ಊರಿನಲ್ಲಿ ಬಸ್ಸಿಳಿದಾಗ ಜಿಟಿಜಿಟಿ ಮಳೆ. ಕಲ್ಲುಹಾಸಿನ ಏರುಹಾದಿಯಲ್ಲಿ ಜಾರದಂತೆ ಹೆಜ್ಜೆಯಿಡುತ್ತ ಹೋಗಿ ಸಂತ ಲಾಜರನ ಕೆಥೀಡ್ರಲ್ಲಿನ ಪಶ್ಚಿಮ ಬಾಗಿಲ ಮುಂದೆ ನಿಂತು ತಲೆಯೆತ್ತಿದೆ. ಬಾಗಿಲ ಮೇಲೆ ಅರ್ಧಚಂದ್ರಾಕಾರದ ಕಲ್ಲಿನ ಹರವು. ನಟ್ಟನಡುವೆ ಎರಡೂ ಕೈ ಚಾಚಿ ಕೂತ ದೊಡ್ಡ ಕ್ರಿಸ್ತ. ಅವನ ಕಾಲಡಿಯಲ್ಲಿ ಸಮಾಧಿಗಳಿಂದ ಏಳುತ್ತಿರುವ ಪುಟ್ಟ ಪುಟ್ಟ ಮನುಷ್ಯರ ಸಾಲು. ಆ ಸಾಲಿನ ಬಲಭಾಗದಲ್ಲಿ, ಮೇಲಿನಿಂದ ಇಳಿದ ಎರಡು ದೈತ್ಯ ಕೈಗಳು ಒಬ್ಬನ ತಲೆಯನ್ನು ಇಕ್ಕಳದಂತೆ ಹಿಡಿದಿವೆ. ಕೈಗಳು ಯಾರವೆಂದು ಕಾಣುವುದಿಲ್ಲ. ಕಾಣುವುದು ಹಿಡಿತ, ಮತ್ತು ಸಿಕ್ಕಿಬಿದ್ದವನ ತೆರೆದ ಬಾಯಿ.

ಈ ಕೈಗಳ ಫೋಟೋ ನನಗೆ ಮೊದಲು ಸಿಕ್ಕಿದ್ದು ಧಾರವಾಡದಲ್ಲಿ, ಕಾಲೇಜಿನ ದಿನಗಳಲ್ಲಿ, ಹಳೆಯದೊಂದು ಕಲಾಪುಸ್ತಕದಲ್ಲಿ. ನೋಡಿದೊಡನೆ ಗುರುತು ಹತ್ತಿತು. ಎಂಟು ವರ್ಷದವನಿದ್ದಾಗಲೇ ಅವನ್ನು ನಾನು ಕತ್ತಲಲ್ಲಿ ಕಂಡಿದ್ದೆ.

ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಕ್ರೈಸ್ತ ಮನೆತನ. ನಮ್ಮ ಸಭೆಯ ಅಯ್ಯನವರು ಮೆತ್ತಗೆ ಮಾತಾಡುವವರು, ನರಕದ ಸುದ್ದಿ ಎತ್ತಿದವರಲ್ಲ. ಆದರೆ ಒಂದು ಬೇಸಿಗೆಯಲ್ಲಿ ಮೈದಾನದಲ್ಲಿ ಡೇರೆ ಹಾಕಿ ಮೂರು ರಾತ್ರಿ ಉಜ್ಜೀವನ ಕೂಟ ನಡೆಸಿದರು. ಹೊರಗಿನಿಂದ ಬಂದ ಬೋಧಕರೊಬ್ಬರು ಪ್ರಕಟನೆ ಗ್ರಂಥವನ್ನು ಬಿಡಿಸಿಟ್ಟರು. ಏಳು ಮುದ್ರೆ, ಏಳು ತುತ್ತೂರಿ, ಮೃಗದ ಸಂಖ್ಯೆ 666, ಬೆಂಕಿಯ ಕೆರೆ. ಕರ್ತನ ಬರೋಣ ಇವತ್ತೇ ರಾತ್ರಿ ಆದೀತು ಎಂದರು. ಒಂದೇ ಹಾಸಿಗೆಯ ಇಬ್ಬರಲ್ಲಿ ಒಬ್ಬರನ್ನು ಒಯ್ದು ಇನ್ನೊಬ್ಬರನ್ನು ಬಿಟ್ಟುಹೋಗುವ ಆ ರಾತ್ರಿಯ ಬಗ್ಗೆ ಲೂಕನ ಸುವಾರ್ತೆಯಲ್ಲಿ ಇರುವುದನ್ನು ಎತ್ತಿಕೊಂಡು, ನೆರೆದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ, ನೀವು ರಕ್ಷಣೆ ಹೊಂದಿದ್ದೀರಾ ಎಂದು ಕೇಳಿದರು. ನನ್ನ ಮೇಲೂ ಆ ನೋಟ ಬಿತ್ತು. ನಾನು ಅವ್ವನ ಪಕ್ಕದಲ್ಲಿ ಮಲಗುತ್ತಿದ್ದ ಹುಡುಗ. ನಮ್ಮಿಬ್ಬರಲ್ಲಿ ಒಯ್ಯುವುದು ಯಾರನ್ನು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಕೂಟ ಮುಗಿದು ವಾರವಾಗಿತ್ತು. ನಡುರಾತ್ರಿ ಎಚ್ಚರಾಯಿತು. ಪಕ್ಕದಲ್ಲಿ ಅವ್ವ ಇಲ್ಲ. ಹಾಸಿಗೆ ಮುಟ್ಟಿದೆ, ತಣ್ಣಗಿತ್ತು. ಅಡುಗೆಮನೆಯಲ್ಲೂ ಇಲ್ಲ, ಹಿತ್ತಲಲ್ಲೂ ಇಲ್ಲ. ಅಪ್ಪ ಊರಿಗೆ ಹೋಗಿದ್ದ. ದೂರದಲ್ಲಿ ರೈಲು ಕೂಗಿತು, ನನಗದು ತುತ್ತೂರಿಯಾಗಿ ಕೇಳಿಸಿತು. ಬೆಳಗಾಗುವವರೆಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಅವ್ವ ಮಿಷನ್ ಆಸ್ಪತ್ರೆಯಲ್ಲಿ ನರ್ಸ್. ಬೆಳಕು ಹರಿಯುವ ಹೊತ್ತಿಗೆ ಬಂದಳು, ಸೀರೆಯ ಸೆರಗಲ್ಲಿ ಡೆಟಾಲ್ ವಾಸನೆ. ಕರ್ತನು ಬಂದು ನಿನ್ನ ಕರಕೊಂಡು ಹೋದ ಅಂದ್ಕೊಂಡೆ ಎಂದು ನಾನು ಬಿಕ್ಕಿದಾಗ ನನ್ನನ್ನು ಎಳೆದು ಅಪ್ಪಿಕೊಂಡು ಹೇಳಿದಳು: "ಕರದಿದ್ದು ಖರೆ ಐತಿ. ಮ್ಯಾಲಕ್ಕಲ್ಲ, ಹೆರಿಗಿ ವಾರ್ಡಿಗೆ."

ಭಕ್ತರನ್ನೆಲ್ಲ ಗುಟ್ಟಾಗಿ ಮೇಲಕ್ಕೆ ಎತ್ತಿಕೊಂಡ ಮೇಲೆ ಉಳಿದವರಿಗೆ ಮಹಾಸಂಕಟದ ಏಳು ವರ್ಷ ಎಂಬ ಲೆಕ್ಕಾಚಾರ ಬೈಬಲ್ಲಿನಷ್ಟೇ ಹಳೆಯದೆಂದು ನಾನು ಬಹಳ ಕಾಲ ನಂಬಿದ್ದೆ. ಅದಕ್ಕೆ ಈ ರೂಪ ಬಂದದ್ದು 1830ರ ದಶಕದಲ್ಲಿ, ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕನಿಂದ. 1909ರಲ್ಲಿ ಹೊರಬಂದ ಸ್ಕೋಫೀಲ್ಡ್ ಟಿಪ್ಪಣಿಯ ಬೈಬಲ್ ಅದನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತು, ಅಲ್ಲಿಂದ ಅದು ನಮ್ಮ ಡೇರೆಗಳಿಗೂ ಬಂತು. ಓತಂನ ಕಲ್ಲುಕುಟಿಗನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಅವನ ಮುಂದಿದ್ದದ್ದು ಒಂದೇ ದಿನ. ಅವತ್ತು ಸತ್ತವರೆಲ್ಲ ಏಳುತ್ತಾರೆ, ಎಲ್ಲರನ್ನೂ ತೂಗುತ್ತಾರೆ.

ಅವನ ಹೆಸರು ಗಿಸ್ಲೆಬರ್ಟಸ್ ಇರಬೇಕು. ಕ್ರಿಸ್ತನ ಪಾದದ ಕೆಳಗೇ, ಇದನ್ನು ಮಾಡಿದವನು ನಾನು ಎಂಬರ್ಥದ ಲ್ಯಾಟಿನ್ ಬರಹದಲ್ಲಿ ಆ ಹೆಸರಿದೆ. ಅದು ಶಿಲ್ಪಿಯ ಹೆಸರಲ್ಲ, ಮಾಡಿಸಿದವನದು ಎನ್ನುವ ವಿದ್ವಾಂಸರೂ ಇದ್ದಾರೆ. ಯಾರೇ ಆಗಲಿ, 1130ರ ಆಸುಪಾಸಿನಲ್ಲಿ ಕೆತ್ತಿದ ಈ ಕಲ್ಲಿನಲ್ಲಿ ಭಯದ ಶರೀರಶಾಸ್ತ್ರವನ್ನು ಬಲ್ಲ ಕೈಯೊಂದು ಕೆಲಸ ಮಾಡಿದೆ. ತಕ್ಕಡಿಯ ದೃಶ್ಯವನ್ನೇ ನೋಡಿ. ಒಂದು ಕಡೆ ಉದ್ದನೆಯ ಪ್ರಧಾನ ದೂತ ಮಿಕಾಯೇಲ, ಇನ್ನೊಂದು ಕಡೆ ಪಕ್ಕೆಲುಬು ಎದ್ದ ಪಿಶಾಚಿ. ಪಿಶಾಚಿ ತಟ್ಟೆಯನ್ನು ತನ್ನತ್ತ ಜಗ್ಗುತ್ತಿದೆ. ದೂತನೂ ಸುಮ್ಮನಿಲ್ಲ, ಅವನ ಕೈಯೂ ತಟ್ಟೆಗೆ ತಾಗಿದೆ. ಎರಡು ಪುಟ್ಟ ಆತ್ಮಗಳು ದೂತನ ನಿಲುವಂಗಿಯ ನೆರಿಗೆಯೊಳಗೆ ಹೊಕ್ಕು ಅಡಗಿವೆ, ಸಂತೆಯಲ್ಲಿ ಅವ್ವನ ಸೀರೆ ಹಿಡಿದ ಮಕ್ಕಳ ಹಾಗೆ. ಕೆಳಗಿನ ಸಾಲಿನಲ್ಲಿ ಕುತ್ತಿಗೆಗೆ ಹಣದ ಚೀಲ ಕಟ್ಟಿಕೊಂಡ ಜಿಪುಣನಿದ್ದಾನೆ. ಎಡಬದಿಯಲ್ಲಿ, ಬಚಾವಾದವರ ನಡುವೆ, ಹೆಗಲಿಗೆ ಜೋಳಿಗೆ ಹಾಕಿದ ಇಬ್ಬರು ಯಾತ್ರಿಕರಿದ್ದಾರೆ. ಒಬ್ಬನ ಜೋಳಿಗೆಯ ಮೇಲೆ ಶಿಲುಬೆ, ಅವನು ಜೆರುಸಲೇಮಿಗೆ ಹೋಗಿಬಂದವನು. ಇನ್ನೊಬ್ಬನದರ ಮೇಲೆ ಚಿಪ್ಪು, ಅವನು ಸ್ಪೇನಿನ ಸಂತಿಯಾಗೊಗೆ ಹೋಗಿಬಂದವನು. ಮೈಮೇಲೆ ಬಟ್ಟೆಯಿಲ್ಲದ ಆ ದಿನದಲ್ಲೂ ಅವರ ಜೋಳಿಗೆ ಉಳಿದಿದೆ.

ಈ ಕಲ್ಲು ಉಳಿದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. 1766ರಲ್ಲಿ ಕೆಥೀಡ್ರಲ್ಲಿನ ಪಾದ್ರಿಗಳಿಗೆ ಇದೆಲ್ಲ ಒರಟು, ಅಸಹ್ಯ ಅನ್ನಿಸಿತು. ಗಾರೆ ಹಾಕಿ ಮುಚ್ಚಿದರು. ಕ್ರಿಸ್ತನ ತಲೆ ಗಾರೆಯಿಂದ ಹೊರಕ್ಕೆ ಚಾಚುತ್ತಿದ್ದುದರಿಂದ ಅದನ್ನು ಒಡೆದು ತೆಗೆದರು. ಕೆಲವೇ ದಶಕಗಳಲ್ಲಿ ಫ್ರೆಂಚ್ ಕ್ರಾಂತಿ ಬಂತು, ದೇಶದ ತುಂಬ ಚರ್ಚುಗಳ ವಿಗ್ರಹಗಳು ಸುತ್ತಿಗೆಯ ಏಟಿಗೆ ಬಿದ್ದವು. ಓತಂನ ಅಂತಿಮ ತೀರ್ಪು ಮಾತ್ರ ಗಾರೆಯ ಹಿಂದೆ ಸುರಕ್ಷಿತವಾಗಿತ್ತು. 1837ರಲ್ಲಿ ಗಾರೆ ಬಿಡಿಸಿದಾಗ ತಲೆಯಿಲ್ಲದ ನ್ಯಾಯಾಧಿಪತಿ ಹೊರಬಂದ. ತಲೆ ಅದೇ ಊರಿನ ಮ್ಯೂಸಿಯಮ್ಮಿನಲ್ಲಿತ್ತು, 1948ರಲ್ಲಿ ಅದನ್ನು ಮತ್ತೆ ಅದರ ಜಾಗಕ್ಕೆ ಕೂಡಿಸಿದರು. ಈಗ ಮಳೆಯಲ್ಲಿ ನಿಂತು ನೋಡಿದರೆ ಆ ಮುಖದಲ್ಲಿ ಕೋಪವಿಲ್ಲ, ಕರುಣೆಯೂ ಇಲ್ಲ. ದೂರ ನೋಡುವ ಕಣ್ಣು. ನನಗೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ತಲೆಯನ್ನು ಕಾಪಾಡಿದ ಆ ಮ್ಯೂಸಿಯಮ್ಮಿಗೆ ರೊಲ್ಯಾಂ ಮನೆತನದ ಹೆಸರಿದೆ. ಇದೇ ಓತಂನಲ್ಲಿ ಹುಟ್ಟಿದ ನಿಕೊಲಾ ರೊಲ್ಯಾಂ ವಕೀಲಿಯಿಂದ ಮೇಲೇರಿ 1422ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ಪನಿಗೆ ಮಹಾಮಂತ್ರಿಯಾದ. ನಾಲ್ಕು ದಶಕದಷ್ಟು ಕಾಲ ಆ ಕುರ್ಚಿಯಲ್ಲಿದ್ದ. 1435ರ ಅರಾಸ್ ಒಪ್ಪಂದದ ಹಿಂದಿನ ಬುದ್ಧಿ ಅವನದು. ದುಡ್ಡು ಮಾಡಿದ್ದೂ ಅಷ್ಟೇ ದೊಡ್ಡ ಪ್ರಮಾಣದಲ್ಲಿ. ಯಾನ್ ವಾನ್ ಐಕ್ ಅವನನ್ನು ಮಾತೆ ಮರಿಯಳ ಎದುರು ಮೊಣಕಾಲೂರಿದ ಭಂಗಿಯಲ್ಲಿ ಚಿತ್ರಿಸಿದ್ದಾನೆ, ಆ ಚಿತ್ರ ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಬಣ್ಣದ ಪದರದ ಅಡಿಯನ್ನು ಪರೀಕ್ಷಿಸಿದಾಗ, ಮೊದಲು ಅವನ ಸೊಂಟಕ್ಕೆ ದೊಡ್ಡ ಹಣದ ಚೀಲವೊಂದನ್ನು ಬರೆದು ಆಮೇಲೆ ಕೈಬಿಟ್ಟದ್ದು ಕಂಡುಬಂತು. ಚೀಲ ಬೇಡ ಎಂದವರು ಯಾರೋ. ಆದರೆ ಹುಟ್ಟೂರಿನ ಚರ್ಚಿನ ಬಾಗಿಲಲ್ಲಿ ಕುತ್ತಿಗೆಗೆ ಚೀಲ ಬಿದ್ದವನನ್ನು ನೋಡುತ್ತಲೇ ಬೆಳೆದ ಹುಡುಗ ಅವನು ಎಂಬುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಅವನು ಕಟ್ಟಿಸಿದ ಆಸ್ಪತ್ರೆ ಓತಂನಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ಬೋನ್ ಊರಲ್ಲಿದೆ. ಮರುದಿನ ಅಲ್ಲಿಗೆ ಹೋದೆ. ದಾರಿಯುದ್ದಕ್ಕೂ ದ್ರಾಕ್ಷಿ ತೋಟ. ಹೊರಗಿನಿಂದ ನೋಡಿದರೆ ಸಾದಾ ಕಲ್ಲುಗೋಡೆ, ಒಳಂಗಳಕ್ಕೆ ಕಾಲಿಟ್ಟರೆ ಕೆಂಪು, ಹಳದಿ, ಹಸಿರು, ಕಂದು ಹೆಂಚುಗಳ ಚಿತ್ತಾರದ ಮಾಡು, ಇಳಕಲ್ ಸೀರೆಯನ್ನು ಬಿಸಿಲಿಗೆ ಹರವಿದಂತೆ. ಒತೆಲ್ ದ್ಯೋ ಎಂದು ಇದರ ಹೆಸರು. ದೇವರ ಬಿಡಾರ ಎಂದರ್ಥ. ರೊಲ್ಯಾಂ ಮತ್ತು ಅವನ ಹೆಂಡತಿ ಗಿಗೋನ್ ದ ಸಲ್ಯಾಂ 1443ರ ಆಗಸ್ಟ್ 4ರಂದು ಇದರ ಸ್ಥಾಪನಾ ಪತ್ರ ಬರೆಸಿದರು. ನೂರು ವರ್ಷಗಳ ಯುದ್ಧದ ಕೊನೆಗಾಲ ಅದು. ಸಂಬಳವಿಲ್ಲದ ಸೈನಿಕರು ಹಳ್ಳಿಗಳನ್ನು ಸುಲಿಯುತ್ತಿದ್ದರು, ಬರ ಮತ್ತು ಪ್ಲೇಗು ಒಂದರ ಹಿಂದೊಂದು ಬರುತ್ತಿದ್ದವು. ಪತ್ರದಲ್ಲಿ ರೊಲ್ಯಾಂ ವ್ಯಾಪಾರಿಯ ಭಾಷೆಯನ್ನೇ ಬಳಸಿದ್ದಾನೆ: ದೇವರು ಕೊಟ್ಟ ಲೋಕದ ಸಂಪತ್ತನ್ನು ಪರಲೋಕದ ಸಂಪತ್ತಿಗೆ ವಿನಿಮಯ ಮಾಡಿಕೊಳ್ಳುತ್ತಿದ್ದೇನೆ ಎನ್ನುತ್ತಾನೆ. ಅಷ್ಟು ಜನರನ್ನು ಬಡವರನ್ನಾಗಿ ಮಾಡಿದವನು ಅವರಿಗೊಂದು ಆಸ್ಪತ್ರೆ ಕಟ್ಟುವುದು ನ್ಯಾಯವೇ ಎಂದು ಫ್ರಾನ್ಸಿನ ದೊರೆ ಹನ್ನೊಂದನೆಯ ಲೂಯಿ ಆಡಿಕೊಂಡನಂತೆ. ಬಾಯಿಂದ ಬಾಯಿಗೆ ಬಂದ ಮಾತು.

1452ರಲ್ಲಿ ಮೊದಲ ರೋಗಿ ಒಳಗೆ ಬಂದ. ಕೊನೆಯ ರೋಗಿಗಳು ಈ ಕಟ್ಟಡ ಬಿಟ್ಟು ಹೊಸ ಆಸ್ಪತ್ರೆಗೆ ಹೋದದ್ದು 1971ರಲ್ಲಿ. ಐದುನೂರು ವರ್ಷಕ್ಕೂ ಮೀರಿ ಇದೇ ಮಾಡಿನಡಿ ಜನ ನರಳಿದ್ದಾರೆ, ಗುಣವಾಗಿದ್ದಾರೆ, ಸತ್ತಿದ್ದಾರೆ. ರೊಲ್ಯಾಂ ಬಿಟ್ಟುಹೋದ ಆಸ್ತಿಗೆ ಜನ ಉಯಿಲಿನಲ್ಲಿ ದ್ರಾಕ್ಷಿ ತೋಟಗಳನ್ನು ಸೇರಿಸುತ್ತ ಹೋದರು. ಆ ತೋಟಗಳ ವೈನನ್ನು 1859ರಿಂದ ನವೆಂಬರಿನಲ್ಲಿ ಹರಾಜು ಹಾಕುತ್ತಾರೆ, ಹಣ ಇವತ್ತಿಗೂ ಆಸ್ಪತ್ರೆಗೆ ಹೋಗುತ್ತದೆ.

ಬಡವರ ದೊಡ್ಡ ಹಜಾರ ಐವತ್ತು ಮೀಟರ್ ಉದ್ದ. ತಲೆಯ ಮೇಲೆ ಬೋರಲು ಹಾಕಿದ ಹಡಗಿನಂಥ ಮರದ ಛಾವಣಿ, ಅಡ್ಡತೊಲೆಗಳ ತುದಿಯಲ್ಲಿ ಬಾಯಿ ತೆರೆದ ಬಣ್ಣದ ಡ್ರ್ಯಾಗನ್‌ಗಳು. ಎರಡೂ ಗೋಡೆಗುಂಟ ಕೆಂಪು ಪರದೆಯ ಮಂಚಗಳು. ಈಗಿರುವ ಮಂಚಗಳು ಹತ್ತೊಂಬತ್ತನೆಯ ಶತಮಾನದ ಜೀರ್ಣೋದ್ಧಾರದವು. ಮೊದಲಿನ ಕಾಲದಲ್ಲಿ ಒಂದು ಹಾಸಿಗೆಗೆ ಇಬ್ಬರು ರೋಗಿಗಳು. ಇದನ್ನು ಆಡಿಯೋ ಗೈಡ್ ಹೇಳಿದಾಗ ನಾನು ಆ ಯಂತ್ರವನ್ನು ಕಿವಿಯಿಂದ ಇಳಿಸಿ ನಿಂತೆ. ಒಂದೇ ಹಾಸಿಗೆಯ ಇಬ್ಬರು. ಡೇರೆಯ ಬೋಧಕರ ದನಿ ಅಷ್ಟು ವರ್ಷ ದಾಟಿ ಬಂದು ಕಿವಿಗೆ ಬಿತ್ತು.

ಹಜಾರದ ತುದಿಯಲ್ಲಿ ಮರದ ಜಾಲರಿ, ಅದರಾಚೆಗೆ ಪೂಜಾಪೀಠ. ನಡುವೆ ಗೋಡೆಯಿಲ್ಲ. ಹಾಸಿಗೆಯಿಂದ ಏಳಲಾಗದವನೂ ಆರಾಧನೆಯಲ್ಲಿ ಇರಬೇಕು ಎಂದೇ ಹೀಗೆ ಕಟ್ಟಿದ್ದು. ಆ ಪೀಠದ ಮೇಲೆ ಇಡಲೆಂದು ರೋಜಿಯರ್ ವಾನ್ ಡರ್ ವೈಡನ್ ಎಂಬ ಫ್ಲಾಂಡರ್ಸಿನ ಮಹಾ ಕಲಾವಿದನಿಂದ ರೊಲ್ಯಾಂ ಬರೆಸಿದ್ದು ಅಂತಿಮ ತೀರ್ಪಿನ ಚಿತ್ರವನ್ನು. ಆಸ್ಪತ್ರೆಯಲ್ಲಿ, ಸಾಯುವವರ ಕಣ್ಣೆದುರು, ನರಕ. ಇದು ಯಾವ ಬಗೆಯ ಕರುಣೆ? ಇದೇ ಪ್ರಶ್ನೆ ಹೊತ್ತು ನಾನು ಬೋನ್‌ಗೆ ಬಂದಿದ್ದೆ.

ಚಿತ್ರ ಈಗ ಬೇರೆಯದೇ ಒಂದು ಮಬ್ಬು ಬೆಳಕಿನ ಕೋಣೆಯಲ್ಲಿದೆ. ಓಕ್ ಮರದ ಹಲಗೆಗಳ ಮೇಲೆ ಎಣ್ಣೆಬಣ್ಣ, ಬಿಚ್ಚಿದರೆ ಸುಮಾರು ಐದೂವರೆ ಮೀಟರ್ ಅಗಲ. ಕಾಮನಬಿಲ್ಲಿನ ಮೇಲೆ ಕೆಂಪು ವಸ್ತ್ರದ ಕ್ರಿಸ್ತ, ಪಾದದ ಕೆಳಗೆ ಬಂಗಾರದ ಗೋಳ. ಒಂದು ಬದಿಗೆ ಲಿಲ್ಲಿ ಹೂ, ಇನ್ನೊಂದು ಬದಿಗೆ ಕಾದ ಕತ್ತಿ. ಎರಡೂ ಕಡೆ ಬಂಗಾರದ ಮೋಡದ ಮೇಲೆ ಅಪೊಸ್ತಲರು, ಅವರ ಮುಂದೆ ಬೇಡಿಕೊಳ್ಳುತ್ತಿರುವ ಮರಿಯಳು ಮತ್ತು ಸ್ನಾನಿಕನಾದ ಯೋಹಾನ. ಕೆಳಗೆ ನಡುವೆ ನವಿಲುಗರಿಯ ರೆಕ್ಕೆಯ ಮಿಕಾಯೇಲ, ಕೈಯಲ್ಲಿ ತಕ್ಕಡಿ. ಅವನ ಮುಖ ಎಳೆಯದು, ನೋಟ ನೇರ ನಮ್ಮ ಮೇಲೆ. ಬಿರುಕು ಬಿಟ್ಟ ನೆಲದಿಂದ ಜನ ಏಳುತ್ತಿದ್ದಾರೆ, ಮೊಣಕೈ ಊರಿ, ಮೈಗೆ ಅಂಟಿದ ಮಣ್ಣಿನ ಜೊತೆಗೇ.

ನಿನ್ನೆ ಓತಂನಲ್ಲಿ ನೋಡಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಇಲ್ಲಿ ಪಿಶಾಚಿಗಳೇ ಇಲ್ಲ. ತಕ್ಕಡಿಯನ್ನು ಜಗ್ಗುವವರಿಲ್ಲ, ತಲೆ ಹಿಡಿಯುವ ಕೈಗಳಿಲ್ಲ. ಬಲತುದಿಯ ಬೆಂಕಿಯ ಕಡೆಗೆ ಜನ ತಾವೇ ಓಡುತ್ತಾರೆ, ಒಬ್ಬರನ್ನೊಬ್ಬರು ಕೂದಲು ಹಿಡಿದು ಎಳೆಯುತ್ತಾರೆ, ಕಿವಿ ಮುಚ್ಚಿಕೊಳ್ಳುತ್ತಾರೆ, ತಮ್ಮ ಕೈಯನ್ನೇ ಕಚ್ಚಿಕೊಳ್ಳುತ್ತಾರೆ. ತಕ್ಕಡಿಯ ಎರಡು ತಟ್ಟೆಗಳ ಬಳಿ ಸದ್ಗುಣ, ಪಾಪ ಎಂದು ಲ್ಯಾಟಿನ್ನಿನಲ್ಲಿ ಬರೆದಿದೆ. ಕೆಳಗೆ ಕುಸಿದಿರುವುದು ಪಾಪದ ತಟ್ಟೆ. ರೋಜಿಯರನ ಮಟ್ಟಿಗೆ ಪಾಪವೆಂದರೆ ಭಾರ. ಮನುಷ್ಯ ತನ್ನ ತೂಕಕ್ಕೆ ತಾನೇ ಬೀಳುತ್ತಾನೆ. ಮುನ್ನೂರು ವರ್ಷಗಳಲ್ಲಿ ಭಯ ಹೊರಗಿನಿಂದ ಒಳಕ್ಕೆ ಬಂದಿದೆ. ಇದು ಓತಂಗಿಂತ ಸೌಮ್ಯ ಎನ್ನಲಾರೆ. ಪಿಶಾಚಿಯಾದರೆ ದೂರಲು ಒಬ್ಬನಾದರೂ ಇರುತ್ತಾನೆ.

ಮಾರ್ಟಿನ್ ಲೂಥರ್ ಚಿಕ್ಕಂದಿನಲ್ಲಿ ಕಂಡದ್ದೂ ಕಾಮನಬಿಲ್ಲಿನ ಮೇಲೆ ಕೂತ ಇಂಥದೇ ಕ್ರಿಸ್ತನನ್ನು. ಆ ಚಿತ್ರ ತನ್ನನ್ನು ಎಷ್ಟು ಹೆದರಿಸಿತ್ತೆಂದು ಮುಂದೆ ಅವನೇ ಹೇಳಿಕೊಂಡ. ರಕ್ಷಣೆ ಮನುಷ್ಯ ಸಂಪಾದಿಸುವಂಥದ್ದಲ್ಲ, ನಂಬಿಕೆಯಲ್ಲಿ ಸ್ವೀಕರಿಸುವ ಕೃಪೆ ಎಂಬ ಅವನ ಬಿಡುಗಡೆಯ ಮಾತು ಆ ಹೆದರಿಕೆಯ ಹೊಟ್ಟೆಯಲ್ಲೇ ಹುಟ್ಟಿತು. ನಮ್ಮ ಮನೆಯ ನಂಬಿಕೆ ಆ ಸಾಲಿನದು. ರೊಲ್ಯಾಂನ ವಿನಿಮಯ ಪತ್ರವನ್ನು ಅವ್ವನಿಗೆ ಓದಿ ಹೇಳಿದ್ದರೆ ತಲೆ ಅಲ್ಲಾಡಿಸುತ್ತಿದ್ದಳು. ದೇವರ ಜೊತೆ ಚೌಕಾಸಿ ನಡೆಯುವುದಿಲ್ಲ ಎನ್ನುವುದು ಅವಳ ಗಟ್ಟಿ ತಿಳಿವಳಿಕೆ. ಹಾಗಾದರೆ ಹಬ್ಬದ ದಿನವೂ ಬಿಡದೆ ರಾತ್ರಿ ಪಾಳಿ ಮಾಡುತ್ತೀಯಲ್ಲ, ಯಾಕೆ ಎಂದು ದೊಡ್ಡವನಾದ ಮೇಲೆ ಒಮ್ಮೆ ಕೇಳಿದ್ದೆ. "ಯಾಕಂದ್ರ? ಅವರು ನೀರು ಕೇಳ್ತಾರ" ಅಂದಳು. ಪ್ರಶ್ನೆಯೇ ಅವಳಿಗೆ ಅರ್ಥವಾಗಿರಲಿಲ್ಲ.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ತೀರ್ಪಿನ ದಿನದ ವಿಚಾರಣೆ ಬರುತ್ತದೆ. ಕುರುಬನು ಕುರಿ ಆಡುಗಳನ್ನು ಬೇರೆ ಮಾಡುವಂತೆ ಅರಸನು ಜನರನ್ನು ಬೇರೆ ಮಾಡುತ್ತಾನೆ. ಅಲ್ಲಿ ಸಿದ್ಧಾಂತದ ಪರೀಕ್ಷೆ ಇಲ್ಲ. ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ರೋಗಿಯ ಆರೈಕೆ, ಸೆರೆಯಲ್ಲಿದ್ದವನ ಭೇಟಿ, ಇಷ್ಟೇ ವಿಚಾರಣೆ. ಇವರಿಗೆ ಮಾಡಿದ್ದು ನನಗೇ ಮಾಡಿದ್ದು ಎನ್ನುತ್ತಾನೆ ಅರಸ. ಬಲಗಡೆ ನಿಂತವರು ಬೆರಗಾಗುತ್ತಾರೆ, ನಿನ್ನನ್ನು ನಾವು ಯಾವಾಗ ಕಂಡೆವು ಎಂದು ಕೇಳುತ್ತಾರೆ. ಅವರಿಗೆ ಗೊತ್ತೇ ಇರಲಿಲ್ಲ. ಈ ಗೊತ್ತಿಲ್ಲದಿರುವಿಕೆಯಲ್ಲಿ ಕೃಪೆಯೂ ಕೆಲಸವೂ ಜಗಳ ಬಿಟ್ಟು ಒಂದಾಗುತ್ತವೆ ಎಂದು ನನಗೆ ತೋರುತ್ತದೆ. ರೊಲ್ಯಾಂಗೆ ಎಲ್ಲ ಗೊತ್ತಿತ್ತು, ಲೆಕ್ಕ ಇಟ್ಟೇ ಕೊಟ್ಟ. ಅವನ ಬಗ್ಗೆ ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಅವನು ಸತ್ತದ್ದು 1462ರಲ್ಲಿ. ವಿಧವೆಯಾದ ಗಿಗೋನ್ ಉಳಿದ ಆಯುಷ್ಯವನ್ನು ಈ ಆಸ್ಪತ್ರೆಗೇ ಕೊಟ್ಟು 1470ರಲ್ಲಿ ತೀರಿಕೊಂಡಳು. ಅವಳ ಸಮಾಧಿ ಇಲ್ಲೇ, ರೋಗಿಗಳ ಹಾಸಿಗೆಗಳ ತುದಿಯಲ್ಲಿ, ಆ ಪೂಜಾಪೀಠದ ಬಳಿ ಇದೆ.

ಚಿತ್ರದ ಕೋಣೆಯಲ್ಲಿ ನಾನು ಮರೆತಿದ್ದ ಒಂದು ಸಂಗತಿ ಪಕ್ಕದ ಗೋಡೆಯಲ್ಲಿ ಸಿಕ್ಕಿತು. ಮಡಿಸುವ ರೆಕ್ಕೆಗಳಿದ್ದ ಈ ಚಿತ್ರವನ್ನು ಬಿಚ್ಚುತ್ತಿದ್ದದ್ದು ಭಾನುವಾರ ಮತ್ತು ಹಬ್ಬಗಳಂದು ಮಾತ್ರ. ಉಳಿದ ದಿನ ಮುಚ್ಚಿರುತ್ತಿತ್ತು. ಮುಚ್ಚಿದಾಗ ಹೊರಗೆ ಕಾಣುವ ಚಿತ್ರಗಳೇ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಲಗೆಗಳನ್ನು ದಪ್ಪದಲ್ಲಿ ಸೀಳಿ ಎರಡೂ ಮುಖ ಒಟ್ಟಿಗೆ ಕಾಣುವಂತೆ ಮಾಡಿದ್ದಾರೆ. ಹೊರಮುಖದಲ್ಲಿ ಪ್ಲೇಗಿನ ರೋಗಿಗಳು ಮೊರೆಹೋಗುವ ಸಂತ ಸೆಬಾಸ್ಟಿಯನ್, ಮೈ ಉರಿಯುವ ಬೇನೆಗೆ ಮೊರೆಹೋಗುವ ಸಂತ ಅಂತೋಣಿ. ಅವರ ಎರಡು ಬದಿಗೆ ಮೊಣಕಾಲೂರಿ ಕೈಮುಗಿದ ಗಂಡಹೆಂಡತಿ. ಗಿಗೋನ್ ಕಪ್ಪು ಉಡುಪಿನಲ್ಲಿ. ರೊಲ್ಯಾಂನ ಮುಖ ಮುದಿಯಾಗಿದೆ, ಕೆನ್ನೆ ಒಳಸೇರಿದೆ, ಸೊಂಟದಲ್ಲಿ ಚೀಲವಿಲ್ಲ.

ಎಂದರೆ ವಾರದ ಆರು ದಿನ ರೋಗಿಗಳಿಗೆ ಕಾಣುತ್ತಿದ್ದದ್ದು ಸ್ವರ್ಗನರಕವಲ್ಲ. ಬರ್ಗಂಡಿಯ ಅತಿ ಬಲಾಢ್ಯ ಮಂತ್ರಿ ಹಜಾರದ ತುದಿಯಲ್ಲಿ ಮೊಣಕಾಲೂರಿ ಕೂತಿದ್ದಾನೆ. ಅವನೆದುರು ಹಾಸಿಗೆಗಳಲ್ಲಿ ಮಲಗಿರುವವರು ಬೀದಿಯಿಂದ ಎತ್ತಿತಂದ ಬಡವರು. ಮತ್ತಾಯನ ಮಾತು ನಿಜವಾದರೆ ಅವರು ಅರಸನೇ. ಚಿತ್ರವನ್ನು ರೋಗಿಗಳಿಗೆ ತೋರಿಸಲು ಇಟ್ಟಿದ್ದೆಂದು ಇಷ್ಟು ದಿನ ತಿಳಿದಿದ್ದೆ. ಚಿತ್ರದೊಳಗಿನವನನ್ನು ರೋಗಿಗಳು ನೋಡುತ್ತಿದ್ದಾರೆ, ತೂಗುತ್ತಿದ್ದಾರೆ ಎಂಬುದು ಆಗ ಹೊಳೆಯಿತು. ಅವನಿಗೂ ಅದು ಗೊತ್ತಿದ್ದೇ ಹಾಗೆ ಬರೆಸಿಕೊಂಡನೋ ಏನೋ. ಕೈ ಮುಗಿದವನ ಮುಖದಲ್ಲಿ ದಾನಿಯ ನೆಮ್ಮದಿ ನನಗೆ ಕಾಣಲಿಲ್ಲ.

ಮುಚ್ಚುವ ಹೊತ್ತಿಗೆ ಹಜಾರಕ್ಕೆ ಮರಳಿದೆ. ಪ್ರವಾಸಿಗರು ಖಾಲಿಯಾಗಿದ್ದರು. ಕಾವಲಿನ ಹೆಂಗಸಿಗೆ ಸನ್ನೆಯಲ್ಲೇ ಕೇಳಿ, ಹಗ್ಗದ ಈಚೆಗೆ, ಒಂದು ಮಂಚದ ಪಕ್ಕದಲ್ಲಿ ನೆಲಕ್ಕೆ ಕುಕ್ಕುರುಗಾಲಲ್ಲಿ ಕೂತೆ. ದಿಂಬಿನ ಎತ್ತರಕ್ಕೆ ಕಣ್ಣು ತಂದು ಪೀಠದ ಕಡೆ ಕತ್ತು ಹೊರಳಿಸಿದೆ. ಅವ್ವನ ಕೊನೆಯ ಹನ್ನೊಂದು ದಿನ ನಾನು ಅವಳ ವಾರ್ಡಿನಲ್ಲಿ ಹೀಗೆಯೇ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದೆ. ಅಂತ್ಯಕಾಲದ ಮಾತನ್ನು ಅವಳು ಒಮ್ಮೆಯೂ ಎತ್ತಲಿಲ್ಲ. ಎದುರು ಹಾಸಿಗೆಯ ಮುದುಕಿಯ ಡ್ರಿಪ್ ಮುಗಿಯುತ್ತ ಬಂದಿದೆ, ಸಿಸ್ಟರ್‌ಗೆ ಹೇಳು ಎಂದು ಮಾತ್ರ ಪದೇ ಪದೇ ಕೈಮಾಡಿ ತೋರಿಸುತ್ತಿದ್ದಳು.

ಇಲ್ಲಿಂದ ಪೀಠ ಬಹಳ ದೂರ. ಹಬ್ಬದ ದಿನ ಚಿತ್ರ ಬಿಚ್ಚಿದಾಗಲೂ ಜ್ವರದ ಕಣ್ಣಿಗೆ ಆ ಪುಟ್ಟ ಬೆತ್ತಲೆ ಜನ ಕಂಡಿರಲಾರರು. ತಟ್ಟೆಯ ಅಕ್ಷರ ಓದಿರಲಾಗದು. ಬೆಂಕಿ ಮೂಲೆಯಲ್ಲಿ ಒಂದು ಕಪ್ಪು ಮಚ್ಚೆ. ಇಷ್ಟು ದೂರಕ್ಕೆ ಮುಟ್ಟುವುದು ಬಂಗಾರದ ಹೊಳಪು, ಅದರ ನಡುವೆ ಒಂದು ಕೆಂಪು ವಸ್ತ್ರ. ಪಕ್ಕದಲ್ಲಿ, ಗೇಣುದ್ದದ ಅಂತರದಲ್ಲಿ, ಅದೇ ಹಾಸಿಗೆಯ ಇನ್ನೊಬ್ಬ. ಅವನ ಉಸಿರು ಕೇಳುತ್ತದೆ. ಬೆಳಗಾಗುವುದರೊಳಗೆ ಇಬ್ಬರಲ್ಲಿ ಒಬ್ಬನು ಹೋಗಿರಬಹುದು. ಅಲ್ಲಿಯವರೆಗೆ ನೀರಿನ ಹೂಜಿ ಇಬ್ಬರ ನಡುವೆ ಇರುತ್ತದೆ, ಕೈಗೆ ಎಟುಕುವಷ್ಟು ಹತ್ತಿರ.